ಪದಚರ್ಚೆ: ರಾಜಕುಮಾರಿ ತೀರಿಕೊಂಡಾಗ ಹೊರಟ ಕಂಚಿನ ‘ಮೆಡಲ್’ – ಪದಕವೋ ಬಿಲ್ಲೆಯೋ?

ಸವಿತಾ, ಮಂಗಳವಾರ ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ವಿವರಫಲಕಗಳ ಕನ್ನಡ ಪಠ್ಯ ನಾಳೆ ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ಒಂದು ವಸ್ತುವಿನ ಹತ್ತಿರ ಕೆಲಸ ನಿಂತಿದೆ.

ಬ್ರಿಟನ್ನಿನ ರಾಜಕುಮಾರಿ ಷಾರ್ಲಟ್ 1817ರ ನವೆಂಬರ್ 6ರಂದು ತೀರಿಕೊಂಡಳು. ಮೂರನೇ ಜಾರ್ಜನ ಮೊಮ್ಮಗಳು. ಮುಂದೆ ನಾಲ್ಕನೇ ಜಾರ್ಜ್ ಆದವನ ಒಬ್ಬಳೇ ಮಗಳು. ಆ ಸಾವಿನ ನೆನಪಿಗೆ ಹೊಯ್ದ ಗುಂಡನೆಯ ಲೋಹದ ವಸ್ತು ಇದು. ಅಡ್ಡಳತೆ 50 ಮಿ.ಮೀ. ಒಂದು ಬದಿಗೆ ಆಕೆಯ ತಲೆ, ಸುತ್ತಲೂ ಹೆಸರು. ಇನ್ನೊಂದು ಬದಿಗೆ ಕಲಶಕ್ಕೆ ಒರಗಿ ಅಳುತ್ತಿರುವ ಬ್ರಿಟಾನಿಯಾ (ಬ್ರಿಟನ್ ದೇಶವನ್ನೇ ಹೆಣ್ಣಾಗಿ ಚಿತ್ರಿಸಿದ ರೂಪ), ಅವಳ ಕಾಲಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ತಾರೀಕು. ತೂತಿಲ್ಲ, ಕೊಂಡಿಯಿಲ್ಲ. ದಾಖಲೆಯಲ್ಲಿ ಲೋಹದ ಕಾಲಂನಲ್ಲಿ ‘ಎಇ’ ಎಂದಷ್ಟೇ ಇದೆ. ಇಂಗ್ಲಿಷ್ ಫಲಕದವರು ಅದನ್ನು ಬ್ರಾಂಜ್ ಎಂದು ಬರೆದುಕೊಂಡಿದ್ದಾರೆ.

ನನ್ನ ಕರಡು: “ರಾಜಕುಮಾರಿ ಷಾರ್ಲಟ್ ಮರಣ ಸ್ಮಾರಕ ಕಂಚಿನ ಪದಕ, 1817”.

ಓದಿದರೆ ಯಾವುದೋ ಓಟದಲ್ಲಿ ಮೂರನೆಯವಳಾಗಿ ಬಂದ ಹಾಗಿದೆ. ‘ಮರಣ’ ಎಂಬುದು ಪಕ್ಕದಲ್ಲಿ ಕೂತು ಅದನ್ನು ಮರಣೋತ್ತರ ಪದಕ ಮಾಡಿಬಿಟ್ಟಿದೆ. ಶೀರ್ಷಿಕೆಗೆ ಒಂದೇ ಸಾಲು, ಹೆಚ್ಚೆಂದರೆ ಇಪ್ಪತ್ತೈದು ಅಕ್ಷರ. ಅದರ ಕೆಳಗೆ ನಾಲ್ಕು ಸಾಲಿನ ವಿವರಣೆಗೆ ಜಾಗವಿದೆ. ಹಿಂದೆ, ಮುಂದೆ, ಸುತ್ತಲ ಬರಹ, ಗೆರೆಯ ಕೆಳಗಿನ ಜಾಗ, ಇವಕ್ಕೂ ಪದಗಳು ಬೇಕು.

ನಾಗಭೂಷಣ, 9.42

ಪದಕ ಅಲ್ಲ. ಪದಕ ಅಂದರೆ ಕೊರಳಲ್ಲೋ ಎದೆಯ ಮೇಲೋ ತೂಗಬೇಕು. ಹಾರಕ್ಕೆ ಪದಕ ಉಂಟು, ಮೇಜಿನ ಮೇಲೆ ಇಡುವ ಪದಕ ಇಲ್ಲ. ಕೊಂಡಿಯಿಲ್ಲ ಎಂದು ನೀವೇ ಬರೆದಿದ್ದೀರಿ, ಉತ್ತರ ಅಲ್ಲೇ ಇದೆ. ಬಿಲ್ಲೆ ಅನ್ನಿ. ಜಡೆಬಿಲ್ಲೆ, ಕುಂಟಾಬಿಲ್ಲೆ ಇರುವ ಭಾಷೆಯಲ್ಲಿ ಗುಂಡಗಿನ ಚಪ್ಪಟೆ ವಸ್ತುವಿಗೆ ಹೆಸರು ಹುಡುಕುತ್ತ ಕೂರುವುದು ಆಶ್ಚರ್ಯ.

‘ಸ್ಮಾರಕ’ ಕೂಡ ಬೇಡ. ಕನ್ನಡದ ಓದುಗನಿಗೆ ಸ್ಮಾರಕ ಅಂದರೆ ಕಟ್ಟಡ. ‘ನೆನಪಿನ ಬಿಲ್ಲೆ’.

ಪುರುಷೋತ್ತಮ, 10.15

ಬಿಲ್ಲೆ ಎಂದರೆ ಕಚೇರಿಯ ಜವಾನನ ಸೊಂಟಪಟ್ಟಿಯ ಹಿತ್ತಾಳೆ ತಗಡು. ಮರಾಠಿಯ ‘ಬಿಲ್ಲಾ’ ಪೇಶ್ವೆ ಕಾಲದ ಕಾಗದಪತ್ರಗಳ ಜೊತೆ ಇಲ್ಲಿಗೆ ಬಂತು. ಒಂದು ರಾಜವಂಶದ ಶೋಕವನ್ನು ಜವಾನನ ಬಿಲ್ಲೆಯಲ್ಲಿ ಹೇಳುವುದು ಔಚಿತ್ಯವಲ್ಲ. ‘ಸ್ಮೃತಿಮುದ್ರೆ’ ಎನ್ನಿ. ಮುದ್ರೆ ಎಂದರೆ ಒತ್ತಿದ ಗುರುತು, ಒತ್ತಿ ಮಾಡಿದ ವಸ್ತು, ಎರಡೂ ಹೌದು.

‘ಎಇ’ ಬಗ್ಗೆ: ಅದು ಲ್ಯಾಟಿನ್ನಿನ ‘ಏಸ್’. ನಮ್ಮ ವೇದದ ‘ಅಯಸ್’ ಎಂಬುದರ ಒಡಹುಟ್ಟು. ‘ಆಯಸ ಸ್ಮೃತಿಮುದ್ರೆ’ ಎಂದರೆ ಮೂಲಕ್ಕೂ ನಿಷ್ಠೆ, ಕಿವಿಗೂ ಹಿತ.

ನಾಗಭೂಷಣ, 10.21

ತಮಿಳಿನಲ್ಲಿ ವಿಲ್ಲೈ, ತೆಲುಗಿನಲ್ಲಿ ಬಿಳ್ಳ. ಅಂಚೆಚೀಟಿಗೂ ಮಾತ್ರೆಗೂ ಅವರು ಅದನ್ನೇ ಬಳಸುತ್ತಾರೆ. ಪೇಶ್ವೆಗಳು ಮದುರೆಗೂ ಹೋಗಿ ಕಲಿಸಿ ಬಂದರೇ? ಕೊಟ್ಟವರು ನಾವು, ತೆಗೆದುಕೊಂಡವರು ಅವರು.

‘ಆಯಸ’ ಎಂದರೆ ಇಂದಿನ ನಿಘಂಟಿನಲ್ಲಿ ಕಬ್ಬಿಣದ್ದು. ಕಂಚನ್ನು ಕಬ್ಬಿಣ ಮಾಡಿಟ್ಟಿರಿ. ಮುದ್ರೆ ಎಂದರೆ ರಬ್ಬರ್ ಸ್ಟಾಂಪು.

ರಜಿಯಾ, 11.30

ಇಬ್ಬರೂ ಒಂದು ನಿಮಿಷ ಲೋಹಕ್ಕೆ ಬನ್ನಿ. ಸವಿತಾ ಅವರ ಕರಡಿನಲ್ಲಿ ಪದಕಕ್ಕಿಂತ ‘ಕಂಚು’ ಹೆಚ್ಚು ತೊಂದರೆ ಕೊಡುತ್ತದೆ.

ನಾಣ್ಯದ ದಾಖಲೆಗಳಲ್ಲಿ ಚಿನ್ನಕ್ಕೆ ‘ಎಯು’, ಬೆಳ್ಳಿಗೆ ‘ಎಆರ್’, ಉಳಿದ ತಾಮ್ರದ ಬಳಗಕ್ಕೆಲ್ಲ ಸೇರಿಸಿ ‘ಎಇ’. ಅದರೊಳಗೆ ಅಪ್ಪಟ ತಾಮ್ರವೂ ಉಂಟು, ತವರ ಬೆರೆತ ಕಂಚೂ ಉಂಟು, ಸತು ಬೆರೆತ ಹಿತ್ತಾಳೆಯೂ ಉಂಟು. ಪರೀಕ್ಷೆ ಮಾಡದವನು ‘ಎಇ’ ಬರೆದು ಪಾರಾಗುತ್ತಾನೆ. ಹಾಗಾಗಿ ‘ಎಇ’ಯನ್ನು ನೇರವಾಗಿ ಕಂಚು ಎಂದು ಇಳಿಸುವುದು ಅನುವಾದ ಅಲ್ಲ, ಊಹೆ. ಅಯಸ್ ನಂಟು ಸರಿಯೇ, ಪುರುಷೋತ್ತಮರೇ. ಆದರೆ ಫಲಕ ಓದುವವರಿಗೆ ಲೋಹ ಯಾವುದೆಂದು ತಿಳಿಯಬೇಕು, ಬೇರು ಅಲ್ಲ.

18ನೇ ಶತಮಾನದ ಕೊನೆ, 19ರ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚೊತ್ತಿದ ‘ಬ್ರಾಂಜ್’ ಮೆಡಲುಗಳಲ್ಲಿ ಬಹುಪಾಲು ತಾಮ್ರದವು. ಕಾರಣ ಅಚ್ಚು. ತವರ ಸೇರಿದಷ್ಟೂ ಲೋಹ ಗಡಸಾಗುತ್ತದೆ, ಉಕ್ಕಿನ ಅಚ್ಚು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಅಚ್ಚಿನಿಂದ ಬಂದ ಪ್ರತಿಯಲ್ಲಿ ಆ ಬಿರುಕು ಉಬ್ಬಿದ ಗೆರೆಯಾಗಿ ಮೂಡುತ್ತದೆ. ಅದನ್ನು ಗೀರು ಎಂದು ಬರೆದವರಿದ್ದಾರೆ. ಗೀರು ತಗ್ಗು, ಇದು ಉಬ್ಬು. ತಾಮ್ರವಾದರೆ ಮೆದು, ಕೂದಲಿನ ಎಳೆಯೂ ಸ್ಪಷ್ಟವಾಗಿ ಏಳುತ್ತದೆ. ಒತ್ತಿದ ಮೇಲೆ ಬಣ್ಣದ ಪುಡಿ ಹಚ್ಚಿ ಕಾಯಿಸಿ ಮೇಲ್ಮೈಯನ್ನು ಕಂದು ಮಾಡುತ್ತಿದ್ದರು. ‘ಬ್ರಾಂಜ್’ ಎಂಬ ಹೆಸರು ಬಂದದ್ದು ಹೆಚ್ಚಾಗಿ ಆ ಬಣ್ಣದಿಂದ.

ನಮ್ಮ ಕಂಚು ಅದಲ್ಲ. ಊಟದ ಕಂಚಿನ ತಟ್ಟೆ, ತಾಳ, ಗಂಟೆಗಳಲ್ಲಿ ತವರ ನೂರಕ್ಕೆ ಇಪ್ಪತ್ತು, ಇಪ್ಪತ್ತೆರಡರ ಹತ್ತಿರ ಇರುತ್ತದೆ. ತಣ್ಣಗಿರುವಾಗ ಬಲವಾಗಿ ಹೊಡೆದರೆ ಒಡೆಯುತ್ತದೆ. ಕಂಚುಗಾರರು ಅದನ್ನು ಕೆಂಪಗೆ ಕಾಯಿಸಿಯೇ ಬಡಿಯುವುದು. ಅಂಥ ಕಂಚಿನ ಮೇಲೆ 50 ಮಿ.ಮೀ. ಉಬ್ಬುಚಿತ್ರವನ್ನು ತಣ್ಣಗೆ ಒತ್ತುವುದು ಆಗದ ಮಾತು.

ತೂಕ ನೋಡಿ ನಿರ್ಧರಿಸಲು ಹೋಗಬೇಡಿ. ತಾಮ್ರದ ಸಾಂದ್ರತೆ 8.96, ಶೇಕಡಾ ಹತ್ತು ತವರದ ಕಂಚಿನದು 8.8ರ ಆಸುಪಾಸು. ನೀರಿನಲ್ಲಿ ಅದ್ದಿ ತೂಗುವಾಗ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಲೋಹದಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಎಕ್ಸ್‌ರೇ ಪ್ರತಿದೀಪ್ತಿ ಯಂತ್ರದಲ್ಲಿ ಇಟ್ಟರೆ ಒಂದೆರಡು ನಿಮಿಷದ ಕೆಲಸ. ಅಷ್ಟು ಸಮಯವಿಲ್ಲದಿದ್ದರೆ ‘ಕಂದು ಲೇಪದ ತಾಮ್ರ ಅಥವಾ ಕಂಚು’ ಎಂದು ವಿವರಣೆಯಲ್ಲಿ ಬರೆದು ಶೀರ್ಷಿಕೆಯಿಂದ ಲೋಹವನ್ನೇ ತೆಗೆದುಬಿಡಿ. ಮೂರನೇ ಸ್ಥಾನದ ಕಾಟವೂ ತಪ್ಪುತ್ತದೆ.

ಒಂದು ಬಿನ್ನಹ: ಪ್ರದರ್ಶನಕ್ಕೆ ಮುಂಚೆ ಯಾರಾದರೂ ಹುಣಸೆಹಣ್ಣು ಹಾಕಿ ತಿಕ್ಕದಂತೆ ನೋಡಿಕೊಳ್ಳಿ. ಆ ಕಂದು ಪದರ ಕೊಳೆಯಲ್ಲ, ಮಾಡಿದವರೇ ಕೊಟ್ಟ ಮೇಲ್ಮೈ. ಒಮ್ಮೆ ಹೋದರೆ ಹೋಯಿತು.

ಸವಿತಾ, 11.48

ರಜಿಯಾ ಮೇಡಂ, ಶೀರ್ಷಿಕೆಯಿಂದ ಲೋಹ ತೆಗೆದೆ. ಇದರ ಇನ್ನೊಂದು ಪ್ರತಿಯೂ ಪಕ್ಕದಲ್ಲಿದೆ, ಇಂಗ್ಲಿಷಿನಲ್ಲಿ ‘ವೈಟ್ ಮೆಟಲ್’. ಅದಕ್ಕೆ ಹಿಂದಿನ ಅನುವಾದಕರು ‘ಬೆಳ್ಳಿ’ ಎಂದು ಹಾಕಿದ್ದಾರೆ.

ರಜಿಯಾ, 11.55

ತಿದ್ದಿ. ಅದು ತವರ ಹೆಚ್ಚಿರುವ ಮಿಶ್ರಲೋಹ, ಅಗ್ಗದ ಪ್ರತಿ. ‘ತವರದ ಮಿಶ್ರಲೋಹ’ ಅನ್ನಿ. ‘ಬಿಳಿ ಲೋಹ’ ಅಂದರೆ ಓದುವವರು ಮತ್ತೆ ಬೆಳ್ಳಿಗೇ ಹೋಗುತ್ತಾರೆ, ಎರಡೂ ಒಂದೇ ಬೇರಿನ ಮಾತುಗಳು ತಾನೆ.

ವಸುಧೇಂದ್ರಾಚಾರ್, ಮಧ್ಯಾಹ್ನ 12.40

‘ಹೊಯ್ದ’ ಎಂದು ಬರೆದಿದ್ದೀರಿ. ಎರಕ ಹೊಯ್ದದ್ದೋ, ಸುತ್ತಿಗೆಯಲ್ಲಿ ಹೊಯ್ದದ್ದೋ? ಕನ್ನಡದಲ್ಲಿ ಸುರಿಯುವುದೂ ಹೊಯ್ಯುವುದೇ, ಹೊಡೆಯುವುದೂ ಹೊಯ್ಯುವುದೇ. ‘ಹೊಯ್ ಸಳ’ ಎಂದಾಗ ಸಳ ಹುಲಿಯ ಮೇಲೆ ನೀರು ಸುರಿಯಲಿಲ್ಲ. ಆದರೆ ಇಂದು ಲೋಹದ ಪಕ್ಕದಲ್ಲಿ ‘ಹೊಯ್ದ’ ಎಂದರೆ ಎಲ್ಲರ ಮನಸ್ಸಿಗೂ ಬರುವುದು ಎರಕ. ಈ ವಸ್ತು ಅಚ್ಚೊತ್ತಿದ್ದಾದರೆ ಆ ಕ್ರಿಯಾಪದ ತಪ್ಪು ಅರ್ಥ ಕೊಡುತ್ತದೆ.

‘ಟಂಕಿಸಿದ’, ಅಂದರೆ ನಾಣ್ಯದಂತೆ ಅಚ್ಚೊತ್ತಿದ, ಎನ್ನಬಹುದಿತ್ತು. ಬೆರಳಚ್ಚಿನವರು ಅದನ್ನು ಕೆಡಿಸಿದರು.

ರಜಿಯಾ, 1.05

ಆಚಾರ್ಯರು ಹೇಳಿದ್ದು ಮುಖ್ಯ. ಎರಕವೋ ಅಚ್ಚೋ ಎಂಬುದನ್ನು ಕಣ್ಣಿನಿಂದಲೇ ನೋಡಬಹುದು, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಅಚ್ಚೊತ್ತಿದ್ದರೆ ಅಕ್ಷರದ ಬದಿಗಳು ನೇರ, ಅಕ್ಷರ ಬಯಲಿಗೆ (ಚಿತ್ರ, ಬರಹ ಇಲ್ಲದ ಸಮತಟ್ಟು ಜಾಗಕ್ಕೆ) ಸೇರುವ ಮೂಲೆ ಚೂಪು, ಬಯಲು ನಯ. ಎರಕವಾದರೆ ಮೂಲೆಗಳು ದುಂಡು, ಬಯಲಿನಲ್ಲಿ ಸೂಜಿಮೊನೆಯಂಥ ಕುಳಿಗಳು, ಅಂಚಿನಲ್ಲಿ ಅರದ ಗುರುತು. ಅಸಲಿ ಮೆಡಲಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಾದರೆ ಲೋಹ ಆರಿದಾಗ ಕುಗ್ಗುತ್ತದೆ. 50 ಮಿ.ಮೀ. ಇರಬೇಕಾದದ್ದು 49ರ ಚಿಲ್ಲರೆಗೆ ಬಂದಿರುತ್ತದೆ. ಕ್ಯಾಲಿಪರ್‌ನಲ್ಲಿ ಅಳೆದು ನೋಡಿ.

ಇಷ್ಟು ದೊಡ್ಡ, ಇಷ್ಟು ಉಬ್ಬಿನ ಚಿತ್ರ ಒಂದೇ ಪೆಟ್ಟಿಗೆ ಏಳುವುದಿಲ್ಲ. ಒಂದು ಸಲ ಒತ್ತಿದರೆ ತಾಮ್ರ ಗಡಸಾಗುತ್ತದೆ. ಹೊರತೆಗೆದು ಕೆಂಪಗೆ ಕಾಯಿಸಿ ಮೆದು ಮಾಡಿ, ಮೇಲೆದ್ದ ಕಪ್ಪನ್ನು ನೀರು ಬೆರೆಸಿದ ಆಮ್ಲದಲ್ಲಿ ಕಳೆದು, ಮತ್ತೆ ಅದೇ ಅಚ್ಚಿನೊಳಗೆ ಅದೇ ದಿಕ್ಕಿಗೆ ಕೂರಿಸಿ ಒತ್ತಬೇಕು. ಕೂದಲೆಳೆಯಷ್ಟು ಸರಿದರೂ ರಾಜಕುಮಾರಿಗೆ ಎರಡು ಮೂಗು. ಮೂಗಿನ ಹತ್ತಿರ, ಅಕ್ಷರಗಳ ಹತ್ತಿರ ಜೋಡಿಗೆರೆ ಕಂಡರೆ ಅದು ಎರಕವಲ್ಲ, ಅಚ್ಚಿನದು ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಕ್ರಿಯಾಪದ: ‘ಅಚ್ಚೊತ್ತಿದ’. ಪುಸ್ತಕದ ಅಚ್ಚು ನೆನಪಾದರೆ ಆಗಲಿ. ನಾಣ್ಯದ ಅಚ್ಚು ಅದಕ್ಕಿಂತ ಹಳೆಯದು.

ಪುರುಷೋತ್ತಮ, 1.30

ಒತ್ತುವುದಕ್ಕೆ ಮುಂಚೆ ಇದ್ದ ಬೋಳು ತುಂಡಿಗೆ ಏನನ್ನುತ್ತೀರಿ? ಅದೇ ಬಿಲ್ಲೆ. ಚಿತ್ರವೂ ಬರಹವೂ ಇಲ್ಲದ ಚಪ್ಪಟೆ ತುಂಡು. ಒತ್ತಿದ ಮೇಲೆ ಅದು ಮುದ್ರೆಯಾಗುತ್ತದೆ. ನಾಗಭೂಷಣರ ಪದ ಕಾರ್ಖಾನೆಯ ಬಾಗಿಲಲ್ಲೇ ನಿಂತಿದೆ.

ನಾಗಭೂಷಣ, 1.34

ಜಡೆಬಿಲ್ಲೆ ಬೋಳಾಗಿರುತ್ತದೆಯೇ? ನೋಡಿದ್ದೀರಾ?

ರಜಿಯಾ, 2.20

ಪದಕ–ಬಿಲ್ಲೆ ವಾದಕ್ಕೆ ನಮ್ಮ ಮನೆಬಾಗಿಲಿನದೇ ಒಂದು ಉದಾಹರಣೆ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಮೆಡಲ್ ಮಾಡಿಸಿತು. ಅಚ್ಚು ಕೆತ್ತಿದವನು ಕೋನ್ರಾಡ್ ಹೈನ್ರಿಕ್ ಕೂಕ್ಲರ್, ಒತ್ತಿದ್ದು ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ. ಅಡ್ಡಳತೆ 48 ಮಿ.ಮೀ. ಒಂದೇ ಚಿತ್ರ, ಐದು ದರ್ಜೆ: ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು ಎಂದು ಕರೆಯುವ ಕಂದು ಲೇಪದ್ದು, ತವರ. ಪಡೆಯುವವನ ಹುದ್ದೆ ಇಳಿದಂತೆ ಲೋಹವೂ ಇಳಿಯುತ್ತದೆ; ಸಿಪಾಯಿಗೆ ತವರ. ಒಂದು ಬದಿಗೆ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದು ಬದಿಗೆ ಕೋಟೆಗೆ ನುಗ್ಗುವ ದೃಶ್ಯ, ಅದರಡಿ ಪಾರಸಿ ಬರಹ.

ಅದು ಟಂಕಸಾಲೆಯಿಂದ ಹೊರಟಾಗ ಕೊಂಡಿ ಇರಲಿಲ್ಲ. ಪಡೆದವರು ತಮಗೆ ಬೇಕಾದ ಹಾಗೆ ಬಳೆ ಬೆಸೆದುಕೊಂಡು, ಪಟ್ಟಿ ಹಾಕಿ ಎದೆಗೆ ತೂಗಿಸಿಕೊಂಡರು. ಒಂದೊಂದರ ಕೊಂಡಿಯೂ ಒಂದೊಂದು ರೀತಿ ಇರುವುದು ಅದಕ್ಕೇ. ಹೊರಟಾಗ ಬಿಲ್ಲೆ, ಬಳೆ ಬೆಸೆದ ಮೇಲೆ ಪದಕ. ನಾಗಭೂಷಣರ ಭೇದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇದು ಟಿಪ್ಪುವಿನ ಸಾವಿನ ನೆನಪಿಗೆ ಹೊರಟದ್ದಲ್ಲ, ಕೋಟೆ ಹಿಡಿದ ನೆನಪಿಗೆ. ತಾರೀಕು ಒಂದೇ ಆದ್ದರಿಂದ ಕಲಸಿಬಿಡುತ್ತಾರೆ. ಷಾರ್ಲಟ್‌ಳದು ಯಾರಿಗೂ ಕೊಟ್ಟ ಗೌರವವಲ್ಲ, ಅಂಗಡಿಯಲ್ಲಿ ಮಾರಿದ ವಸ್ತು. ಆಕೆ ಸತ್ತಾಗ ಇಂಗ್ಲೆಂಡಿನ ಜವಳಿ ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಗಿತ್ತು. ಮೆಡಲ್ ಮಾಡುವವರೂ ಆ ಶೋಕದಲ್ಲೇ ವ್ಯಾಪಾರ ಕಂಡರು. ಒಬ್ಬಿಬ್ಬರಲ್ಲ, ಹಲವರು. ಕೊಡುವುದು ಪದಕ, ಕೊಳ್ಳುವುದು ಬಿಲ್ಲೆ ಎಂದರೂ ನಡೆದೀತು.

ಕಿರಣ್, 2.50

ಎಲ್ಲ ಓದಿದೆ. ‘ಮೆಡಲ್’ ಎಂದು ಹಾಕಿದರೆ ಯಾರಿಗೆ ಅರ್ಥವಾಗುವುದಿಲ್ಲ? ಹಳ್ಳಿಯ ಹುಡುಗನೂ ‘ಮೆಡ್ಲು ಬಂತು’ ಅಂತಾನೆ. ರಜಿಯಾ ಮೇಡಂ ಇಷ್ಟುದ್ದ ಬರೆಯುವಾಗ ತಾವೇ ಮೆಡಲ್ ಅಂದಿದ್ದಾರೆ.

ನಾಗಭೂಷಣ, 2.53

ಹಳ್ಳಿಯ ಹುಡುಗ ‘ಡೆತ್ ಆಯ್ತು’ ಅಂತಲೂ ಅಂತಾನೆ. ಫಲಕದಲ್ಲಿ ಅದನ್ನೂ ಹಾಕೋಣವೇ?

ಪುರುಷೋತ್ತಮ, 3.10

ಕಿರಣ್, ‘ಮೆಡಲ್’ ಇಟಲಿಯ ‘ಮೆದಾಲ್ಯ’, ಅದರ ಹಿಂದೆ ‘ಲೋಹ’ ಎಂಬ ಅರ್ಥದ ಲ್ಯಾಟಿನ್ ಮಾತು. ಇಂಗ್ಲಿಷಿನವರೇ ಸಾಲ ತಂದದ್ದನ್ನು ನಾವು ಮರುಸಾಲ ತರಬೇಕೆ? ಸಂಸ್ಕೃತ ನಮಗೆ ಸಾಲವಲ್ಲ, ಪಿತ್ರಾರ್ಜಿತ.

ನಾಗಭೂಷಣ, 3.14

ಬಂತು. ಪಿತ್ರಾರ್ಜಿತ. ಬೇಂದ್ರೆ–ಕುವೆಂಪು ಹೆಸರು ಬರುವ ಮುಂಚೆ ನಿಲ್ಲಿಸಿ. ಕಮ್ಮಟ ಎಂಬ ಮಾತು ನಮ್ಮಲ್ಲಿತ್ತು, ಶಾಸನಗಳಲ್ಲಿದೆ, ನಾಣ್ಯದ ಅಚ್ಚಿನ ಮನೆ ಎಂದೇ ಅರ್ಥ. ಲಕ್ಕುಂಡಿಯ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಬಂದದ್ದು ಕಮ್ಮಟದಿಂದ. ಅದನ್ನು ಬಿಟ್ಟು ‘ಟಂಕಸಾಲೆ’ ಹಿಡಿದಿರಿ. ಖಾಲಿಯಾದ ಕಮ್ಮಟಕ್ಕೆ ಈಗ ಕಥೆ ಬರೆಯುವುದನ್ನು ಕಲಿಯಲು ಹೋಗುತ್ತಾರೆ.

ವಸುಧೇಂದ್ರಾಚಾರ್, 3.40

ಕಮ್ಮಾರ ಸಂಸ್ಕೃತದ ಕರ್ಮಾರ. ಕಮ್ಮಟವನ್ನೂ ಆ ಕಡೆಗೆ ಎಳೆಯುವವರಿದ್ದಾರೆ, ತಮಿಳಿನ ಕಂಬಟ್ಟಂ ತೋರಿಸಿ ಈ ಕಡೆಗೆ ಎಳೆಯುವವರೂ ಇದ್ದಾರೆ. ನೀವು ಇಷ್ಟು ಅಭಿಮಾನದಿಂದ ಹಿಡಿದ ‘ಕಂಚು’ ಕಾಂಸ್ಯದ ತದ್ಭವ. ಆದ್ದರಿಂದ ಶುದ್ಧಿಯ ಮಾತು ಸಾಕು, ವ್ಯಾಕರಣಕ್ಕೆ ಬನ್ನಿ. ಯಾರೋ ‘ಸ್ಮರಣಬಿಲ್ಲೆ’ ಎಂದು ನನಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಅದು ಅರಿಸಮಾಸ, ಸಂಸ್ಕೃತದ ಮಾತಿಗೆ ಕನ್ನಡದ ಮಾತನ್ನು ಬೆಸೆದದ್ದು. ಬಿರುದಾವಳಿಯಲ್ಲಿ ಸಹಿಸಬಹುದು, ಫಲಕದಲ್ಲಿ ಬೇಡ. ‘ಸಾವಿನ ನೆನಪಿನ ಬಿಲ್ಲೆ’ ಎಂದರೆ ಸಮಾಸವೇ ಇಲ್ಲ, ದೋಷವೂ ಇಲ್ಲ, ಆದರೆ ‘-ಇನ’ ಎರಡು ಸಲ ಬಂದು ಮುಗ್ಗರಿಸುತ್ತದೆ. ‘ನಿಧನದ ನೆನಪಿನ ಬಿಲ್ಲೆ’ ಕೊಂಚ ವಾಸಿ.

ರಾಜಮನೆತನಕ್ಕೆ ‘ಸ್ವರ್ಗಸ್ಥ’, ‘ದಿವಂಗತ’, ‘ಕೈಲಾಸವಾಸಿ’ ಬೇಡ. ಇವೆಲ್ಲ ಸತ್ತವರನ್ನು ಎಲ್ಲಿಗೋ ಕಳಿಸುವ ಮಾತುಗಳು. ಆಂಗ್ಲಿಕನ್ ರಾಜಕುಮಾರಿಯನ್ನು ಕೈಲಾಸಕ್ಕೆ ಕಳಿಸಲು ನಾವು ಯಾರು? ‘ಯುವರಾಣಿ’ಯೂ ಬೇಡ, ಅದು ಯುವರಾಜನ ಹೆಂಡತಿ. ಈಕೆ ಮಗಳು. ‘ವೇಲ್ಸ್ ರಾಜಕುಮಾರಿ’ ಎಂದು ಬರೆದರೂ ಅದೇ ಎಡವಟ್ಟು, ಡಯಾನಾಳ ಸಾಲಿಗೆ ಸೇರಿಸಿಬಿಡುತ್ತಾರೆ. ಬರಿದೆ ‘ರಾಜಕುಮಾರಿ ಷಾರ್ಲಟ್’.

ಮತ್ತೆ, ಆ ‘ಕಲಶ’. ನಮಗೆ ಕಲಶ ಮಂಗಳದ್ದು. ‘ಅಸ್ಥಿಕಲಶ’ ಅಂದರೆ ದಹನ ಮಾಡಿದರು ಎಂದಾಗುತ್ತದೆ. ಆಕೆಯನ್ನು ಹೂಳಿದ್ದು, ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ. ಆ ಪಾತ್ರೆ ರೋಮನರಿಂದ ಎರವಲು ಪಡೆದ ಶೋಕದ ಗುರುತು ಅಷ್ಟೆ. ‘ಸಮಾಧಿಯ ಹೂಜಿ’ ಎಂದು ಬಿಡಿ.

ಸವಿತಾ, 4.30

ಆಚಾರ್ಯರಿಗೆ ವಂದನೆ. ಭಾಗಗಳ ಹೆಸರು ಯಾರೂ ಹೇಳಲಿಲ್ಲ.

ರಜಿಯಾ, 4.52

ಮುಂಬದಿ, ಹಿಂಬದಿ. ‘ಮುಮ್ಮುಖ–ಹಿಮ್ಮುಖ’ ಬೇಡ, ಹಿಮ್ಮುಖ ಅಂದರೆ ಹಿಂದಕ್ಕೆ ನಡೆಯುವುದು. ಚಿತ್ರದ ಸುತ್ತ ಬಳೆಯಂತೆ ಬರುವ ಬರಹಕ್ಕೆ ‘ಸುತ್ತುಬರಹ’. ‘ಅಂಚುಬರಹ’ ಎಂಬುದನ್ನು ಬಿಲ್ಲೆಯ ದಪ್ಪದ ಮೇಲೆ, ಅಂದರೆ ನಿಲ್ಲಿಸಿದರೆ ನೆಲಕ್ಕೆ ತಾಗುವ ಪಟ್ಟಿಯ ಮೇಲೆ ಬರೆದದ್ದಕ್ಕೆ ಮೀಸಲಿಡಿ. ಇವೆರಡನ್ನು ಕಲಸಿದರೆ ಮುಂದೆ ದೊಡ್ಡ ಗೊಂದಲ. ಪ್ಯಾರಿಸ್ ಟಂಕಸಾಲೆಯವರು ಲೋಹದ ಹೆಸರನ್ನೇ ಆ ಅಂಚಿನಲ್ಲಿ ಒತ್ತುತ್ತಿದ್ದರು. 1880ರ ನಂತರದ್ದಾದರೆ ಹಣ್ಣು ತುಂಬಿದ ಕೊಂಬಿನ ಗುರುತೂ ಇರುತ್ತದೆ. ಹಳೆಯ ಅಚ್ಚಿನಿಂದ ಆಮೇಲೆ ಒತ್ತಿದ ಪ್ರತಿಯೋ ಎಂಬುದನ್ನು ಅಂಚು ನೋಡಿಯೇ ಹೇಳುವುದು. ನಿಮ್ಮದು ಇಂಗ್ಲಿಷ್ ವಸ್ತು, ಅಂಚು ಖಾಲಿ ಇದ್ದರೆ ಗಾಬರಿ ಬೇಡ.

ಗೆರೆಯ ಕೆಳಗಿನ ಜಾಗಕ್ಕೆ ‘ಅಡಿಪಟ್ಟಿ’.

ಪುರುಷೋತ್ತಮ, 5.05

‘ಪೀಠಿಕಾವಕಾಶ’ ಎಂಬ ಮಾತು ನನ್ನಲ್ಲಿತ್ತು.

ನಾಗಭೂಷಣ, 5.06

ಇಟ್ಟುಕೊಳ್ಳಿ.

ಸವಿತಾ, ಬುಧವಾರ ಮಧ್ಯಾಹ್ನ 3.15

ಮಸೂರದಲ್ಲಿ ನೋಡಿಸಿದೆ. ಅಕ್ಷರದ ಮೂಲೆ ಚೂಪು, ಹೆಸರಿನ ಕೊನೆಯ ಎರಡು ಅಕ್ಷರಗಳಲ್ಲಿ ಜೋಡಿಗೆರೆ ಇದೆ. ಅಚ್ಚೊತ್ತಿದ್ದೇ. ಲೋಹದ ಪರೀಕ್ಷೆ ಆಗಿಲ್ಲ. ಹೀಗೆ ಕಳಿಸುತ್ತಿದ್ದೇನೆ:

“ರಾಜಕುಮಾರಿ ಷಾರ್ಲಟ್ ನಿಧನದ ನೆನಪಿನ ಬಿಲ್ಲೆ, 1817

ಇಂಗ್ಲೆಂಡ್. ಕಂದು ಲೇಪದ ತಾಮ್ರ ಅಥವಾ ಕಂಚು, ಅಚ್ಚೊತ್ತಿದ್ದು. 50 ಮಿ.ಮೀ. ಮುಂಬದಿ: ರಾಜಕುಮಾರಿಯ ತಲೆ, ಹೆಸರಿನ ಸುತ್ತುಬರಹ. ಹಿಂಬದಿ: ಸಮಾಧಿಯ ಹೂಜಿಗೆ ಒರಗಿ ಅಳುವ ಬ್ರಿಟಾನಿಯಾ, ಅಡಿಪಟ್ಟಿಯಲ್ಲಿ ಸಾವಿನ ತಾರೀಕು. ಮೃತ ಶಿಶುವನ್ನು ಹೆತ್ತ ಮರುದಿನ, 21ನೇ ವಯಸ್ಸಿನಲ್ಲಿ ಷಾರ್ಲಟ್ ತೀರಿಕೊಂಡಳು.”

ನಾಗಭೂಷಣ, 3.20

‘ನಿಧನ’ದ ಬದಲು ‘ಸಾವು’ ಇರಬೇಕಿತ್ತು. ಕೆಳಗೆ ‘ಸಾವಿನ ತಾರೀಕು’ ಎಂದು ನೀವೇ ಬರೆದಿದ್ದೀರಿ. ‘ಮೃತ ಶಿಶು’ ಯಾಕೆ, ‘ಸತ್ತ ಮಗು’ ಆಗದೇ?

ಪುರುಷೋತ್ತಮ, 3.31

ಬಿಲ್ಲೆಗೆ ನನ್ನ ವಿರೋಧ ದಾಖಲಿರಲಿ.

ರಜಿಯಾ, 3.44

ಚೆನ್ನಾಗಿದೆ. ಅಚ್ಚಿಗೆ ಕೊಡುವ ಮುಂಚೆ ಒಂದು: ‘ಷಾರ್ಲಟ್’ನಲ್ಲಿ ‘ಲ’ದ ಬಲಕ್ಕೆ ಅರ್ಕಾವೊತ್ತು ಬರುತ್ತದೆ. ಫಲಕ ಕತ್ತರಿಸುವ ತಂತ್ರಾಂಶಕ್ಕೆ ಯೂನಿಕೋಡ್‌ನಿಂದ ಬದಲಾಯಿಸುವಾಗ ಅದು ಬಿದ್ದುಹೋಗಿ ‘ಷಾಲಟ್’ ಆಗುವುದುಂಟು. ಕರಡು ಪ್ರತಿಯನ್ನು ಪಿಡಿಎಫ್‌ನಲ್ಲಿ ತರಿಸಿಕೊಂಡು ಆ ಒಂದು ಅಕ್ಷರ ನೋಡಿ.